ಅರ್ಧ ಸುಳಿವು, ಪೂರ್ತಿ ದಿಗಿಲು

ಒಂದೇ ರಾಕ್ಷಸ, ಒಂದೇ ಪ್ರಕಾಶಕರು, ಎರಡು ಆಟ. 2013ರ ಫೆಬ್ರುವರಿಯಲ್ಲಿ ಜಪಾನಿನ ಸೇಗಾ ಕಂಪನಿ 'ಏಲಿಯನ್ಸ್: ಕಲೋನಿಯಲ್ ಮರೀನ್ಸ್' ಎಂಬ ವಿಡಿಯೊ ಗೇಮನ್ನು ಮಾರುಕಟ್ಟೆಗೆ ಬಿಟ್ಟಿತು. ಉದ್ದ ತಲೆಯ, ಬಾಯೊಳಗೊಂದು ಬಾಯಿಯಿರುವ, ಮೈಯಲ್ಲಿ ಆ್ಯಸಿಡ್ ಹರಿಯುವ ಏಲಿಯನ್‌ಗಳು ಅದರಲ್ಲಿ ಹಿಂಡುಹಿಂಡಾಗಿ ಬರುತ್ತಿದ್ದವು. ಆಡಿದವರು ಹೆದರುವುದಿರಲಿ, ನಕ್ಕರು. ಏಲಿಯನ್‌ಗಳು ದಿಕ್ಕು ತೋಚದವರಂತೆ ಕಾರಿಡಾರಿನ ನಡುವೆ ಅಲೆಯುತ್ತಿದ್ದವು, ಇಲ್ಲವೇ ಗುಂಡಿಗೆ ಎದೆಯೊಡ್ಡಿ ನೆಟ್ಟಗೆ ಓಡಿ ಬಂದು ಸಾಯುತ್ತಿದ್ದವು. ಇಪ್ಪತ್ತು ತಿಂಗಳು ಕಳೆದ ಮೇಲೆ, 2014ರ ಅಕ್ಟೋಬರ್ 7ರಂದು, ಅದೇ ಸೇಗಾ 'ಏಲಿಯನ್: ಐಸೊಲೇಷನ್' ಬಿಡುಗಡೆ ಮಾಡಿತು. ಅದೇ ಉದ್ದ ತಲೆ, ಅದೇ ಬಾಯಿ. ಆದರೆ ಇಲ್ಲಿ ಹೆಚ್ಚಿನ ಹೊತ್ತು ಎದುರಿಗಿರುವುದು ಹಿಂಡಲ್ಲ, ಒಂದೇ ಒಂದು. ಈ ಸಲ ಆಟಗಾರರು ಲೋಹದ ಲಾಕರಿನೊಳಗೆ ಅವಿತುಕೊಂಡು, ಹೊರಗೆ ಕಾಲಿಡಲು ಧೈರ್ಯ ಸಾಲದೆ, ನಿಮಿಷಗಟ್ಟಲೆ ಅಲ್ಲೇ ಕೂತರು.

ಮೊದಲ ಆಟದ ಪೆದ್ದುತನಕ್ಕೆ ಒಂದು ತಮಾಷೆಯ ಕಾರಣ 2018ರಲ್ಲಿ ದೊಡ್ಡ ಸುದ್ದಿಯಾಯಿತು. ಆಟದ ಸೆಟ್ಟಿಂಗ್ಸ್ ಫೈಲಿನ ಒಂದು ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಅದರಿಂದಾಗಿ ಏಲಿಯನ್‌ಗಳು ಎಲ್ಲಿ ನಿಲ್ಲಬೇಕು, ಯಾವ ಮಗ್ಗುಲಿನಿಂದ ಸುತ್ತುವರಿಯಬೇಕು ಎಂಬ ಆದೇಶ ಅವಕ್ಕೆ ಸರಿಯಾಗಿ ತಲುಪುತ್ತಲೇ ಇರಲಿಲ್ಲ. ಆ ಅಕ್ಷರವನ್ನು ಅಳಿಸಿ ನೋಡಿದವರಿಗೆ ಏಲಿಯನ್‌ಗಳು ಚುರುಕಾದದ್ದು ಕಂಡಿತು. ಚರ್ಮ, ಹಲ್ಲು, ಜೊಲ್ಲು ಎಲ್ಲವೂ ಮೊದಲಿನಂತೆಯೇ ಇದ್ದವು. ಬದಲಾದದ್ದು ನಡವಳಿಕೆ ಮಾತ್ರ.

ಹಾರರ್ ಆಟಗಳ ಜಾಹೀರಾತುಗಳು ಈ ಪಾಠವನ್ನು ಇನ್ನೂ ಕಲಿತಿಲ್ಲ. ಹೊಸ ಆಟ ಬರುತ್ತದೆ ಎಂದರೆ ಟ್ರೇಲರಿನ ತುಂಬ ರಕ್ತ, ಕರುಳು, ತೊಗಲಿನ ಮೇಲಿನ ಬೆವರು. ಅದರ ಮೇಲೆ ಗ್ರಾಫಿಕ್ಸ್ ಕಾರ್ಡಿನ ಪ್ರತಾಪ. ರಾಕ್ಷಸನ ಮೈ ಚಿತ್ರಕಾರರ ಕೆಲಸ, ಅವನ ಭಯ ನಿಯಮ ಬರೆಯುವವರ ಕೆಲಸ. ಅದರಲ್ಲೂ ಬಾಹ್ಯಾಕಾಶ, ಕಡಲಾಳ, ಕೆಟ್ಟುನಿಂತ ಹಡಗುಗಳಲ್ಲಿ ನಡೆಯುವ ಸೈನ್ಸ್ ಫಿಕ್ಷನ್ ಸರ್ವೈವಲ್ ಹಾರರ್ ಆಟಗಳಲ್ಲಿ ಈ ನಿಯಮಗಳ ಗುಟ್ಟು ಹೆಚ್ಚುಕಡಿಮೆ ಒಂದೇ: ಆಟಗಾರನ ಕೈಗೆ ಒಂದು ಉಪಕರಣ ಕೊಡುವುದು, ಆ ಉಪಕರಣ ಅವನಿಗೆ ಅರ್ಧ ಮಾತ್ರ ಹೇಳುವಂತೆ ನೋಡಿಕೊಳ್ಳುವುದು.

ಐಸೊಲೇಷನ್ ಮಾಡಿದ ಕ್ರಿಯೇಟಿವ್ ಅಸೆಂಬ್ಲಿ ಬ್ರಿಟನ್ನಿನ ಸಂಸ್ಥೆ. ಅಲ್ಲಿಯವರೆಗೆ ಅದರ ಹೆಸರಿದ್ದದ್ದು 'ಟೋಟಲ್ ವಾರ್' ಸರಣಿಯಿಂದ. ಸಾವಿರಾರು ಸೈನಿಕರನ್ನು ಬಯಲಿನಲ್ಲಿ ನಿಲ್ಲಿಸಿ ಮೇಲಿನಿಂದ ನೋಡುತ್ತ ಯುದ್ಧ ಮಾಡಿಸುವ ಆಟಗಳವು. ಅಂಥವರು ಒಂದೇ ಪ್ರಾಣಿಯ ಹಿಂದೆ ಬಿದ್ದರು. 1979ರ ರಿಡ್ಲಿ ಸ್ಕಾಟ್ ಸಿನಿಮಾ 'ಏಲಿಯನ್'ನ ಮೂಲ ಚಿತ್ರಗಳು, ವಿನ್ಯಾಸಗಳು, ಧ್ವನಿ ದಾಖಲೆಗಳೆಲ್ಲ ಸೇರಿ ಸುಮಾರು ಮೂರು ಟೆರಾಬೈಟಿನಷ್ಟು ಸಾಮಗ್ರಿಯನ್ನು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅವರಿಗೆ ಕೊಟ್ಟಿತು. ಅದನ್ನು ಮುಂದಿಟ್ಟುಕೊಂಡು ಅವರು ಕಟ್ಟಿದ್ದು ಇಂದಿನ ಕಣ್ಣಿನ ಭವಿಷ್ಯವನ್ನಲ್ಲ. 1979ರವರು ಊಹಿಸಿದ್ದ ಭವಿಷ್ಯವನ್ನು ಕಟ್ಟಿದರು: ಉಬ್ಬು ಗಾಜಿನ ಮಾನಿಟರುಗಳು, ಕಟಕಟ ಸದ್ದಿನ ಗುಂಡಿಗಳು, ಹಸಿರು ಅಕ್ಷರಗಳು. ಆಟದೊಳಗಿನ ಪರದೆಗಳ ಚಿತ್ರವನ್ನು ಹಳೆಯ ವಿಎಚ್‌ಎಸ್ ಟೇಪಿಗೆ ಇಳಿಸಿ, ಕದಡಿಸಿ, ಮತ್ತೆ ಸೆರೆಹಿಡಿದರು. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ನಂಬಿಕಸ್ತವಾಗಿ ಕಾಣದ ಉಪಕರಣವನ್ನು ಜೀವ ಉಳಿಸಿಕೊಳ್ಳಲು ನಂಬಲೇಬೇಕಾದ ಸ್ಥಿತಿಯನ್ನು ಆಟ ಮೊದಲ ಗಂಟೆಯಲ್ಲೇ ಕಟ್ಟಿಬಿಡುತ್ತದೆ.

ಕಥಾನಾಯಕಿ ಅಮಾಂಡಾ ರಿಪ್ಲಿ ಒಬ್ಬ ಎಂಜಿನಿಯರ್. ಸಿನಿಮಾದ ಎಲೆನ್ ರಿಪ್ಲಿಯ ಮಗಳು. ತಾಯಿ ಕಾಣೆಯಾದ ಹದಿನೈದು ವರ್ಷಗಳ ಮೇಲೆ ಸುಳಿವು ಹಿಡಿದು ಸೆವಾಸ್ತೊಪೋಲ್ ಎಂಬ ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತಾಳೆ. ಅಲ್ಲಿರುವ ಏಲಿಯನ್ನನ್ನು ಕೊಲ್ಲಲು ಆಗುವುದಿಲ್ಲ. ಬೆಂಕಿಯುಗುಳುವ ಗನ್ ತೋರಿಸಿದರೆ ಸ್ವಲ್ಪ ಹೊತ್ತು ಓಡಿಹೋಗುತ್ತದೆ, ಅಷ್ಟೆ. ಮತ್ತೆ ಬರುತ್ತದೆ, ಎರಡನೆಯ ಸಲ ಬೆಂಕಿಗೆ ಅಷ್ಟು ಸುಲಭಕ್ಕೆ ಅಂಜುವುದಿಲ್ಲ.

ಈ ಏಲಿಯನ್ನಿಗೆ ಎರಡು ಮಿದುಳು ಎಂದರೆ ತಪ್ಪಾಗದು. ಮೇಲೆ ಕೂತ ಒಂದು ಪ್ರೋಗ್ರಾಂ ನಿರ್ದೇಶಕನ ಹಾಗೆ. ಆಟಗಾರ ಎಲ್ಲಿದ್ದಾನೆ ಎಂಬುದು ಅದಕ್ಕೆ ಸದಾ ಗೊತ್ತು. ಕೆಳಗಿರುವ, ಏಲಿಯನ್ನಿನ ಮೈಯನ್ನು ನಡೆಸುವ ಪ್ರೋಗ್ರಾಮಿಗೆ ಅದು ಗೊತ್ತಿಲ್ಲ. ಕಣ್ಣಿಗೆ ಬಿದ್ದದ್ದು, ಕಿವಿಗೆ ಕೇಳಿದ್ದು ಮಾತ್ರ ಅದರ ಪಾಲಿನ ಸತ್ಯ. ನಿರ್ದೇಶಕ ಆಗಾಗ 'ಆ ಕಡೆ ಹುಡುಕು' ಎಂದು ಸುಳಿವು ಕೊಡುತ್ತಾನೆಯೇ ಹೊರತು 'ಆ ಮೇಜಿನ ಕೆಳಗಿದ್ದಾಳೆ' ಎಂದು ಹೇಳುವುದಿಲ್ಲ. ಏಲಿಯನ್ ಬಹಳ ಹೊತ್ತು ಹತ್ತಿರದಲ್ಲೇ ಸುಳಿದಾಡುತ್ತಿದ್ದರೆ ಆಟಗಾರನ ಮೇಲಿನ ಒತ್ತಡವನ್ನು ಲೆಕ್ಕ ಹಾಕಿ, ಅದನ್ನು ಗಾಳಿಕೊಳವೆಯೊಳಕ್ಕೆ ವಾಪಸು ಕಳಿಸುವವನೂ ಅವನೇ. ಜೊತೆಗೆ, ಏಲಿಯನ್ನಿನ ಕೆಲವು ವರ್ತನೆಗಳಿಗೆ ಆರಂಭದಲ್ಲಿ ಬೀಗ ಹಾಕಿರುತ್ತಾರೆ. ಆಟ ಮುಂದುವರಿದಂತೆ ಒಂದೊಂದೇ ಬೀಗ ಕಳಚುತ್ತದೆ. ಪ್ರಾಣಿ ತನ್ನನ್ನು ನೋಡಿ ನೋಡಿ ಕಲಿಯುತ್ತಿದೆ ಎಂದು ಆಟಗಾರನಿಗೆ ಅನ್ನಿಸುವುದು ಹಾಗಾಗಿಯೇ.

ಇಲ್ಲಿನ ಜಾಣತನ ಏನೆಂದರೆ, ಅಜ್ಞಾನ ಎರಡೂ ಕಡೆ ಇದೆ. ಬೇಟೆಯಾಡುವ ಪ್ರಾಣಿಗೂ ಅರ್ಧ ಗೊತ್ತು, ಬೇಟೆಗೂ ಅರ್ಧ ಗೊತ್ತು. ಎಲ್ಲ ಬಲ್ಲ ರಾಕ್ಷಸ ಬಂದು ತಿಂದರೆ ಅದು ಮೋಸದಾಟ, ಆಟಗಾರ ರೇಗಿ ಎದ್ದುಹೋಗುತ್ತಾನೆ. ಬರೆದಿಟ್ಟ ದಾರಿಯಲ್ಲೇ ಗಸ್ತು ತಿರುಗುವ ರಾಕ್ಷಸನಾದರೆ ಎರಡನೆಯ ಸುತ್ತಿಗೆ ಅದು ಬಸ್ಸಿನ ವೇಳಾಪಟ್ಟಿ. ಈ ಎರಡರ ನಡುವಿನ ಸಂದಿಯಲ್ಲಿ ಐಸೊಲೇಷನ್ ತನ್ನ ಪ್ರಾಣಿಯನ್ನು ನಿಲ್ಲಿಸಿತು.

ಇನ್ನು ಅಮಾಂಡಾಳ ಕೈಲಿರುವ ಮೋಷನ್ ಟ್ರ್ಯಾಕರ್. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಪುಟ್ಟ ಹಸಿರು ಪರದೆ. ಸುತ್ತ ಏನಾದರೂ ಚಲಿಸಿದರೆ ಚುಕ್ಕೆ ಮೂಡುತ್ತದೆ, ಸದ್ದು ಬರುತ್ತದೆ. ಕೇಳಿದರೆ ವರದಾನ ಅನ್ನಿಸಬೇಕು. ಆಡಿದರೆ ಶಾಪ. ಚುಕ್ಕೆ ದೂರವನ್ನು ಹೇಳುತ್ತದೆ, ಎತ್ತರವನ್ನು ಹೇಳುವುದಿಲ್ಲ. ತಲೆಯ ಮೇಲಿನ ಕೊಳವೆಯಲ್ಲಿದೆಯೋ, ಪಕ್ಕದ ಕೋಣೆಯಲ್ಲಿದೆಯೋ ತಿಳಿಯದು. ಪ್ರಾಣಿ ಅಲುಗದೆ ನಿಂತರೆ ಚುಕ್ಕೆಯೇ ಇಲ್ಲ. ಪರದೆಯನ್ನು ದಿಟ್ಟಿಸಿದರೆ ಎದುರಿನ ದಾರಿ ಮಸುಕಾಗುತ್ತದೆ, ದಾರಿಯನ್ನು ದಿಟ್ಟಿಸಿದರೆ ಪರದೆ ಮಸುಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹತ್ತಿರವಿದ್ದರೆ ಆ ಪೆಟ್ಟಿಗೆಯ ಸದ್ದು ಏಲಿಯನ್ನಿಗೂ ಕೇಳಿಸುತ್ತದೆ. ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಇರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ: 'ಒಂಟಿ ಸಲಗ ನಿಮ್ಮ ಭಾಗದಲ್ಲಿದೆ' ಎಂಬ ಸಂದೇಶ ಮೊಬೈಲಿಗೆ ಬಂದ ಬೆಳಗ್ಗೆ ತೋಟದ ಪ್ರತಿ ಗಿಡವೂ ಆನೆಯಾಗುತ್ತದೆ. ಸಂದೇಶ ಬರದಿದ್ದರೆ ಆ ಹೆದರಿಕೆ ಹುಟ್ಟುತ್ತಿರಲಿಲ್ಲ. ಆನೆ ಇಂಥ ಕಡೆ ನಿಂತಿದೆ ಎಂದು ನಿಖರವಾಗಿ ತಿಳಿದಿದ್ದರೆ ಇನ್ನೊಂದು ದಾರಿ ಹಿಡಿಯಬಹುದಿತ್ತು.

ದೆವ್ವದ ಕಥೆಗೂ ಸೈನ್ಸ್ ಫಿಕ್ಷನ್ ಭಯಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಜಾಗದಲ್ಲಿದೆ. ದೆವ್ವಕ್ಕೆ ಕಾರಣ ಕೇಳುವವರಿಲ್ಲ. ಅದು ಗೋಡೆ ತೂರಿ ಬಂದರೂ ಸರಿ. ಬಾಹ್ಯಾಕಾಶದ ಹಡಗಿನಲ್ಲಿ ಮಾತ್ರ ಪ್ರತಿ ಬಾಗಿಲು, ಪ್ರತಿ ದೀಪ, ಉಸಿರಾಡುವ ಗಾಳಿ ಕೂಡ ಯಾರೋ ಎಂಜಿನಿಯರು ಮಾಡಿಟ್ಟದ್ದು. ಎಲ್ಲಕ್ಕೂ ಲೆಕ್ಕವಿದೆ, ಎಲ್ಲಕ್ಕೂ ಮೀಟರಿದೆ. ಆ ಮೀಟರು ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನ ಒಮ್ಮೆ ಬಂದರೆ ಸಾಕು, ಇಡೀ ಹಡಗು ಹಗೆಯಾಗುತ್ತದೆ. ಐಸೊಲೇಷನ್ನಿನಲ್ಲಿ 'ವರ್ಕಿಂಗ್ ಜೋ' ಎಂಬ ರಬ್ಬರ್ ಮುಖದ ಯಂತ್ರಮಾನವರಿದ್ದಾರೆ. ಅವರು ಓಡುವುದಿಲ್ಲ, ಕಿರುಚುವುದಿಲ್ಲ. ಕಂಪನಿ ಕಲಿಸಿಕೊಟ್ಟ ಸೌಜನ್ಯದ ದನಿಯಲ್ಲಿ ಸಮಾಧಾನ ಹೇಳುತ್ತಲೇ ಕತ್ತು ಹಿಚುಕುತ್ತಾರೆ. 1999ರ 'ಸಿಸ್ಟಮ್ ಶಾಕ್ 2' ಇದನ್ನು ಇನ್ನೊಂದು ಬಗೆಯಲ್ಲಿ ಮಾಡಿತ್ತು. ಪರಜೀವಿಗಳಿಗೆ ಒಡಲಾದ ಹಡಗಿನ ಸಿಬ್ಬಂದಿ ಅಲ್ಲಿ ಕ್ಷಮೆ ಕೇಳುತ್ತ, ಓಡಿಹೋಗು ಎಂದು ಎಚ್ಚರಿಸುತ್ತ, ಕೊಳವೆ ಎತ್ತಿ ಹೊಡೆಯಲು ಬರುತ್ತಾರೆ. ಬಾಯಿ ಹೇಳುವುದು ಒಂದು, ಕೈ ಮಾಡುವುದು ಇನ್ನೊಂದು. ಅದನ್ನು ಆಡಿದವರು ಇಪ್ಪತ್ತೈದು ವರ್ಷಗಳ ಮೇಲೂ ಮೊದಲು ನೆನೆಯುವುದು ಅದರ ಬಂದೂಕುಗಳನ್ನಲ್ಲ, ಆ ದನಿಗಳನ್ನು.

ಉಪಕರಣದಿಂದ ಭಯ ಕಡೆಯುವ ಈ ವಿದ್ಯೆಗೆ ಅತಿ ಸರಳ ಉದಾಹರಣೆ 'ಡೂಮ್ 3'. 2004ರ ಆಗಸ್ಟಿನಲ್ಲಿ ಐಡಿ ಸಾಫ್ಟ್‌ವೇರ್ ಹೊರತಂದ ಈ ಆಟ ನಡೆಯುವುದು ಮಂಗಳ ಗ್ರಹದ ಒಂದು ಸಂಶೋಧನಾ ನೆಲೆಯಲ್ಲಿ. ಎಲ್ಲೆಲ್ಲೂ ಕಗ್ಗತ್ತಲು. ಸೈನಿಕನ ಬಳಿ ಟಾರ್ಚ್ ಇದೆ, ಗನ್ನೂ ಇದೆ, ಆದರೆ ಎರಡನ್ನೂ ಒಟ್ಟಿಗೆ ಹಿಡಿಯುವಂತಿಲ್ಲ. ಟಾರ್ಚ್ ಹಿಡಿದರೆ ರಾಕ್ಷಸ ಕಾಣುತ್ತಾನೆ, ಹೊಡೆಯಲಾಗದು. ಗನ್ ಹಿಡಿದರೆ ಹೊಡೆಯಬಹುದು, ಕಾಣದು. ಅತ್ತ ದರಿ, ಇತ್ತ ಪುಲಿ. ಮಂಗಳಕ್ಕೆ ಹೋಗಿ ನೆಲೆಯೂರಿದ ಮನುಷ್ಯನಿಗೆ ಗನ್ನಿಗೊಂದು ಟಾರ್ಚ್ ಅಂಟಿಸುವ ಟೇಪು ಸಿಗಲಿಲ್ಲವೇ ಎಂದು ಜನ ಆಡಿಕೊಂಡರು. ಆಡಿಕೊಂಡು ಸುಮ್ಮನಾಗದೆ, 'ಡಕ್ಟ್ ಟೇಪ್' ಎಂಬ ಹೆಸರಿನಲ್ಲೇ ಒಂದು ತಿದ್ದುಪಡಿ ಮಾಡಿ ಗನ್ನಿಗೆ ಬೆಳಕು ಕೂರಿಸಿದರು. 2012ರಲ್ಲಿ ಮರುಬಿಡುಗಡೆಯಾದಾಗ ಕಂಪನಿಯೇ ಟಾರ್ಚನ್ನು ಕವಚಕ್ಕೆ ಸಿಕ್ಕಿಸಿ, ಎರಡೂ ಕೆಲಸ ಒಟ್ಟಿಗೆ ಆಗುವಂತೆ ಮಾಡಿತು. ತರ್ಕದಲ್ಲಿ ಜನ ಗೆದ್ದರು, ಸಂಶಯವಿಲ್ಲ. ಆದರೆ ಗೆದ್ದ ಮೇಲೆ ಉಳಿದದ್ದು ಒಂದು ಸಾಧಾರಣ ಗುಂಡಾಟ. ಕತ್ತಲೆ ಅಲ್ಲೇ ಇತ್ತು, ಕತ್ತಲೆಗೆ ಕೊಡಬೇಕಿದ್ದ ಬೆಲೆ ಇರಲಿಲ್ಲ.

'ಡೆಡ್ ಸ್ಪೇಸ್' ಹೊರಬಂದದ್ದು 2008ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಇಎ ರೆಡ್‌ವುಡ್ ಶೋರ್ಸ್ ಸ್ಟುಡಿಯೊದಿಂದ. ನಾಯಕ ಐಸಾಕ್ ಕ್ಲಾರ್ಕ್. ಸೈನ್ಸ್ ಫಿಕ್ಷನ್ ಲೇಖಕರಾದ ಐಸಾಕ್ ಅಸಿಮೊವ್ ಹಾಗೂ ಆರ್ಥರ್ ಸಿ. ಕ್ಲಾರ್ಕ್ ಇಬ್ಬರ ಹೆಸರನ್ನೂ ಜೋಡಿಸಿ ಇಟ್ಟ ಹೆಸರು. ಆತ ಯೋಧನಲ್ಲ, ಹಡಗು ರಿಪೇರಿಗೆ ಬಂದ ಎಂಜಿನಿಯರ್. ಕೈಯಲ್ಲಿರುವ ಪ್ಲಾಸ್ಮಾ ಕಟರ್ ಗಣಿಯಲ್ಲಿ ಕಲ್ಲು ಸೀಳುವ ಸಾಧನ. ಇಷಿಮುರಾ ಎಂಬ ಗಣಿ ಹಡಗಿನಲ್ಲಿ ಸತ್ತವರ ದೇಹಗಳು ಮರುಜೋಡಣೆಯಾಗಿ ಎದ್ದುಬರುತ್ತವೆ. ಅವುಗಳ ತಲೆಗೆ ಹೊಡೆದರೆ ಪ್ರಯೋಜನವಿಲ್ಲ, ಕೈಕಾಲು ಕತ್ತರಿಸಬೇಕು. ವರ್ಷಗಟ್ಟಲೆ ಗುಂಡಿನ ಆಟ ಆಡಿ ಆಡಿ ಬೆರಳಿಗೆ ಅಂಟಿಕೊಂಡ ಅಭ್ಯಾಸವೊಂದನ್ನು ಈ ನಿಯಮ ನಿರುಪಯೋಗಿ ಮಾಡಿತು. ಗಾಬರಿಯಲ್ಲಿ ಕೈ ತಾನಾಗಿ ತಲೆಯತ್ತ ಏಳುತ್ತದೆ, ಗುಂಡು ವ್ಯರ್ಥವಾಗುತ್ತದೆ. ಗಾಬರಿಯಾದವನು ತಪ್ಪು ಮಾಡುತ್ತಾನೆ, ತಪ್ಪು ಮಾಡಿದವನು ಇನ್ನಷ್ಟು ಗಾಬರಿಯಾಗುತ್ತಾನೆ.

ಅದಕ್ಕಿಂತ ಸೂಕ್ಷ್ಮವಾದದ್ದು ಪರದೆಯ ಮೂಲೆಗಳು ಖಾಲಿ ಇರುವುದು. ಸಾಮಾನ್ಯವಾಗಿ ಆಟಗಳಲ್ಲಿ ಜೀವ ಎಷ್ಟಿದೆ, ಗುಂಡು ಎಷ್ಟಿದೆ ಎಂಬ ಅಂಕಿಗಳು ಪರದೆಯ ಅಂಚಿನಲ್ಲಿ ತೇಲುತ್ತಿರುತ್ತವೆ. ಡೆಡ್ ಸ್ಪೇಸಿನಲ್ಲಿ ಜೀವದ ಮಟ್ಟ ಐಸಾಕನ ಬೆನ್ನುಹುರಿಯುದ್ದಕ್ಕೂ ಹೊಳೆಯುವ ಪಟ್ಟಿ. ಗುಂಡಿನ ಲೆಕ್ಕ ಗನ್ನಿನ ಮೇಲೆಯೇ ಮೂಡುವ ಬೆಳಕು. ಚೀಲ ತೆರೆದರೆ ಅದರೊಳಗಿನ ಪಟ್ಟಿ ಅವನೆದುರು ಗಾಳಿಯಲ್ಲಿ ಅರಳುತ್ತದೆ, ಆಟ ಮಾತ್ರ ನಿಲ್ಲುವುದಿಲ್ಲ. ಔಷಧ ಹುಡುಕುತ್ತಿರುವಾಗಲೇ ಹಿಂದಿನಿಂದ ಏನೋ ಬರಬಹುದು. ಮೆನು ಎಂಬುದು ಆಟಗಾರರಿಗೆ ಸದಾ ಒಂದು ಆಶ್ರಯವಾಗಿತ್ತು, ಒಂದು ಗುಂಡಿ ಒತ್ತಿ ಕಾಲವನ್ನು ನಿಲ್ಲಿಸಿ ನಿಟ್ಟುಸಿರು ಬಿಡುವ ಜಾಗ. ಗ್ಲೆನ್ ಸ್ಕೊಫೀಲ್ಡ್ ಮುಂದಾಳತ್ವದ ತಂಡ ಆ ಆಶ್ರಯವನ್ನೂ ಕಿತ್ತುಕೊಂಡಿತು.

ಸದ್ದಿನ ಮಾತು ಹೇಳದೆ ಈ ಆಟವನ್ನು ದಾಟುವಂತಿಲ್ಲ. ಧ್ವನಿ ವಿಭಾಗದ ಮುಖ್ಯಸ್ಥ ಡಾನ್ ವೆಕಾ ಸ್ಯಾನ್ ಫ್ರಾನ್ಸಿಸ್ಕೊದ ಬಾರ್ಟ್ ರೈಲಿನ ಕಿರುಗುಟ್ಟುವಿಕೆಯನ್ನು ಧ್ವನಿಮುದ್ರಿಸಿ ತಂದು ಆಟದಲ್ಲಿ ಬಳಸಿದರು. ದಿನವೂ ಆಫೀಸಿಗೆ ಹೋಗುವವರು ಕೇಳಿಸಿಕೊಳ್ಳುವ ಸದ್ದು, ಹಡಗಿನೊಳಗೆ ಕೇಳಿದಾಗ ಹಲ್ಲು ಜುಮ್ಮೆನ್ನಿಸುತ್ತದೆ. ಸಂಗೀತ ಸಂಯೋಜಕ ಜೇಸನ್ ಗ್ರೇವ್ಸ್ ವಾದ್ಯವೃಂದಕ್ಕೆ ಎಷ್ಟೋ ಕಡೆ ಖಚಿತ ಸ್ವರಗಳನ್ನೇ ಕೊಡಲಿಲ್ಲ. ತಂತಿಗಳನ್ನು ಹೀಗೆ ಉಜ್ಜಿ, ಹಾಗೆ ಬಡಿಯಿರಿ ಎಂಬ ಸೂಚನೆಗಳಷ್ಟೇ ಇದ್ದವು. ಹಾಗೆ ಬಂದ ಸಂಗೀತವನ್ನು ನಾಲ್ಕು ಪದರಗಳಾಗಿ ಬೇರ್ಪಡಿಸಿ ಇಟ್ಟರು. ಅಪಾಯದ ದೂರಕ್ಕೆ ತಕ್ಕಂತೆ ಪದರಗಳು ಏರುತ್ತವೆ, ಇಳಿಯುತ್ತವೆ. ಜಾಣ ಆಟಗಾರ ಸಂಗೀತ ಕೇಳಿ ರಾಕ್ಷಸನ ದೂರ ಅಳೆಯಬಲ್ಲೆ ಅಂದುಕೊಳ್ಳುತ್ತಾನೆ. ಅದೂ ಒಂದು ಟ್ರ್ಯಾಕರೇ. ಕೆಲವೊಮ್ಮೆ ಸಂಗೀತ ಏರಿ ಏರಿ, ಏನೂ ಆಗದೆ ಇಳಿಯುತ್ತದೆ. 2009ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಈ ಆಟದ ಸಂಗೀತಕ್ಕೂ ಧ್ವನಿ ಬಳಕೆಗೂ ಸಂದಿತು.

ಬೆಚ್ಚಿಬೀಳಿಸುವುದು ಬೇರೆ, ಹೆದರಿಸುವುದು ಬೇರೆ. ದೊಡ್ಡ ಸದ್ದಿಗೆ ಮೈ ಅದುರುವುದು, ಕಣ್ಣು ಮುಚ್ಚಿಕೊಳ್ಳುವುದು ಯೋಚನೆಗೂ ಮೊದಲೇ, ಕ್ಷಣದ ಒಂದು ತುಣುಕಿನಲ್ಲಿ ನಡೆದುಹೋಗುವ ಪ್ರತಿವರ್ತನೆ. ಪಟಾಕಿಗೂ ಬರುತ್ತದೆ, ಬಾಗಿಲು ಬಡಿದರೂ ಬರುತ್ತದೆ. ಮತ್ತೆ ಮತ್ತೆ ಮಾಡಿದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಬೀರು ತೆಗೆದೊಡನೆ ಮುಖವೊಂದು ಕಿರುಚಿಕೊಂಡು ಎದುರಾಗುವ ಅಗ್ಗದ ಮೊಬೈಲ್ ಆಟಗಳು ಈ ಒಂದೇ ಬಂಡವಾಳದಲ್ಲಿ ಬದುಕುತ್ತವೆ. ಯೂಟ್ಯೂಬಿನಲ್ಲಿ ಅವಕ್ಕೆ ಒಳ್ಳೆಯ ಗಿರಾಕಿ, ಏಕೆಂದರೆ ನೋಡುಗರಿಗೆ ಬೇಕಿರುವುದು ಆಡುವವನು ಕುರ್ಚಿಯಿಂದ ಹಾರುವ ದೃಶ್ಯ. ಲಾಕರಿನೊಳಗೆ ಉಸಿರು ಬಿಗಿಹಿಡಿದು ಕೂತ ನಾಲ್ಕು ನಿಮಿಷ ವಿಡಿಯೊದಲ್ಲಿ ಬರೀ ಬೇಸರ. ಕೈಯಲ್ಲಿ ಗುಂಡಿಗಳಿರುವವನಿಗೆ ಮಾತ್ರ ಅದು ನಾಲ್ಕು ಯುಗ.

ಹಾಗಾದರೆ ಆ ನಾಲ್ಕು ನಿಮಿಷದಲ್ಲಿ ಪಣಕ್ಕಿರುವುದೇನು? ಆಟದೊಳಗಿನ ಸಾವು ಸಾವಲ್ಲ ಎಂಬುದು ಆರು ವರ್ಷದ ಮಗುವಿಗೂ ಗೊತ್ತು. ಆಟ ನಿಜವಾಗಿ ಕಸಿದುಕೊಳ್ಳಬಲ್ಲ ವಸ್ತು ಒಂದೇ, ಆಡುವವರ ಸಮಯ. 1996ರಲ್ಲಿ 'ಸರ್ವೈವಲ್ ಹಾರರ್' ಎಂಬ ಹಣೆಪಟ್ಟಿಯನ್ನು ಜನಪ್ರಿಯಗೊಳಿಸಿದ ಕ್ಯಾಪ್‌ಕಾಮ್‌ನ 'ರೆಸಿಡೆಂಟ್ ಈವಿಲ್' ಇದನ್ನು ಮೊದಲೇ ಕಂಡುಕೊಂಡಿತ್ತು. ಅದರಲ್ಲಿ ಆಟವನ್ನು ಸೇವ್ ಮಾಡಲು ಟೈಪ್‌ರೈಟರ್ ಬೇಕು, ಟೈಪ್‌ರೈಟರಿಗೆ ರಿಬ್ಬನ್ ಬೇಕು, ರಿಬ್ಬನ್ನುಗಳು ಎಣಿಕೆಯಷ್ಟೇ. ಐಸೊಲೇಷನ್ನಿನಲ್ಲಿ ಸೇವ್ ಮಾಡುವುದು ಗೋಡೆಗೆ ಕೂರಿಸಿದ ತುರ್ತು ಫೋನುಗಳಲ್ಲಿ. ಕಾರ್ಡ್ ತೂರಿಸಬೇಕು, ದೀಪ ಮಿಣುಕಿ ಸದ್ದು ಮುಗಿಯುವವರೆಗೆ ಕಾಯಬೇಕು. ಆ ಕೆಲವು ಸೆಕೆಂಡುಗಳಲ್ಲಿ ಬೆನ್ನು ಬಯಲಿಗೆ, ಮುಖ ಗೋಡೆಗೆ. ಅಷ್ಟರಲ್ಲಿ ಏಲಿಯನ್ ಬಂದರೆ ಕಳೆದ ಅರ್ಧ ಗಂಟೆಯ ಶ್ರಮ ನೀರುಪಾಲು. ಸುರಕ್ಷಿತವಾಗುವ ಕ್ರಿಯೆಯನ್ನೇ ಅಪಾಯಕಾರಿ ಮಾಡಿದ್ದು ಇಡೀ ಆಟದ ಅತ್ಯುತ್ತಮ ಉಪಾಯ. ರಾಕ್ಷಸನಿಲ್ಲದ ಕೋಣೆಯಲ್ಲೂ ಗಂಟಲ ಪಸೆ ಆರುವುದು ಇದರಿಂದ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಐಜಿಎನ್ ತಾಣದ ವಿಮರ್ಶಕ ಐಸೊಲೇಷನ್ನಿಗೆ ಹತ್ತಕ್ಕೆ 5.9 ಅಂಕ ಕೊಟ್ಟು, ಆಟ ಅತಿ ಉದ್ದ, ಅವಿತುಕೊಳ್ಳುವುದೇ ಮತ್ತೆ ಮತ್ತೆ ಎಂದು ದೂರಿದಾಗ ಅಭಿಮಾನಿಗಳು ಕೆಂಡಾಮಂಡಲವಾದರು. ದೂರಿನಲ್ಲಿ ಹುರುಳಿತ್ತು. ಒಂದೇ ಕಾರಿಡಾರಿನಲ್ಲಿ ಏಳನೆಯ ಸಲ ಸತ್ತವನಿಗೆ ಭಯ ಉಳಿದಿರುವುದಿಲ್ಲ, ಸಿಟ್ಟು ಉಳಿದಿರುತ್ತದೆ. ಹಾಗೆ ಸತ್ತು ಸತ್ತು ಪ್ರಾಣಿಯ ಚಲನವಲನ ಅರ್ಥವಾದಷ್ಟೂ ಅದು ಪ್ರಾಣಿಯಾಗಿ ಉಳಿಯದೆ ಯಂತ್ರವಾಗುತ್ತದೆ. ಹದಿನೈದಿಪ್ಪತ್ತು ಗಂಟೆ ಎಳೆಯುವ ಭಯದ ಆಟ ತನ್ನ ಗುಟ್ಟನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಆಟ ಮೂರನೇ ಒಂದು ಭಾಗ ಚಿಕ್ಕದಾಗಿದ್ದರೆ ಇನ್ನೂ ಭೀಕರವಾಗಿರುತ್ತಿತ್ತು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2015ರ ಸೆಪ್ಟೆಂಬರಿನಲ್ಲಿ ತಂದ 'ಸೋಮಾ', ಭಯದಾಟದಲ್ಲಿ ಪಣಕ್ಕಿರುವುದು ಸಮಯ ಎಂಬ ವಾದಕ್ಕೊಂದು ತೊಡಕಿನ ಸಾಕ್ಷಿ. ಟೊರಾಂಟೊದ ಸೈಮನ್ ಜಾರೆಟ್ 2015ರಲ್ಲಿ ಮಿದುಳಿನ ಸ್ಕ್ಯಾನಿಗೆಂದು ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣು ಬಿಟ್ಟಾಗ ಇರುವುದು ಅಟ್ಲಾಂಟಿಕ್ ಸಾಗರದ ತಳದ ಪೇಥೋಸ್-2 ಎಂಬ ನೆಲೆಯಲ್ಲಿ, ವರ್ಷ 2104. ಅಲ್ಲಿ ಅಟ್ಟಿಸಿಕೊಂಡು ಬರುವ ಜೀವಿಗಳಿವೆ, ಕೈಯಲ್ಲಿ ಆಯುಧವಿಲ್ಲ. ಕಥೆಗಾಗಿ ಬಂದವರಿಗೆ ಆ ಓಟ ಬೇಡವಾಗಿತ್ತು. ಅಭಿಮಾನಿಯೊಬ್ಬರು 'ಪುಕ್ಕಲರ ಮೋಡ್' ಎಂಬರ್ಥದ ಹೆಸರಿಟ್ಟು ಜೀವಿಗಳು ಮೈಮೇಲೆ ಬೀಳದಂತೆ ತಿದ್ದಿದರು. 2017ರ ಡಿಸೆಂಬರಿನಲ್ಲಿ ಕಂಪನಿಯೇ 'ಸೇಫ್ ಮೋಡ್' ಸೇರಿಸಿತು. ಅದರಲ್ಲಿ ರಾಕ್ಷಸರು ಸುಳಿದಾಡುತ್ತಾರೆ, ಕೊಲ್ಲುವುದಿಲ್ಲ. ಸಾವಿಲ್ಲ, ಹಾಗಾಗಿ ಸಮಯದ ನಷ್ಟವೂ ಇಲ್ಲ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಭಯವೂ ಇರಬಾರದು.

ಇದೆ. (ಸೋಮಾ ಆಡಬೇಕೆಂದಿರುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದುವುದು ಕ್ಷೇಮ.)

ದಾರಿಯಲ್ಲಿ ಒಂದು ಮುರುಕು ಯಂತ್ರ ಸಿಗುತ್ತದೆ. ಅದು ತನ್ನನ್ನು ಗಾಯಗೊಂಡ ಮನುಷ್ಯ ಎಂದೇ ನಂಬಿ ಮಾತಾಡುತ್ತದೆ. ಮುಂದೆ ಹೋಗಲು ಬೇಕಾದ ವಿದ್ಯುತ್ತಿಗಾಗಿ ಅದಕ್ಕೆ ನೋವು ಕೊಡಬೇಕು, ಇಲ್ಲವೇ ಅದನ್ನು ಆರಿಸಿಬಿಡಬೇಕು. ನಂತರ ಸೈಮನ್ ತಾನೇ ಇನ್ನೊಂದು ದೇಹಕ್ಕೆ ದಾಟಬೇಕಾಗುತ್ತದೆ. ದಾಟುವುದು ಎಂದರೆ ನಕಲಾಗುವುದು. ಹೊಸ ದೇಹದಲ್ಲಿ ಕಣ್ಣು ಬಿಟ್ಟವನು ತಿರುಗಿ ನೋಡಿದರೆ, ಹಳೆಯ ದೇಹದ ಸೈಮನ್ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಾನೆ, ಇನ್ನೂ ಬದುಕಿದ್ದಾನೆ. ಅವನನ್ನು ಹಾಗೆಯೇ ಬಿಡಬೇಕೋ, ಮುಗಿಸಬೇಕೋ? ಆಟ ಒಂದು ಗುಂಡಿ ತೋರಿಸಿ ಸುಮ್ಮನಾಗುತ್ತದೆ. ಈ ಕ್ಷಣದಲ್ಲಿ ಯಾವ ರಾಕ್ಷಸನೂ ಹತ್ತಿರದಲ್ಲಿಲ್ಲ. ಹೊಟ್ಟೆ ತಣ್ಣಗಾಗುತ್ತದೆ.

ಇಲ್ಲೂ ಕೆಲಸ ಮಾಡಿರುವುದು ಅರ್ಧ ಮಾಹಿತಿಯೇ. ಸ್ಕ್ಯಾನ್ ಮಾಡುವ ಯಂತ್ರ ಏನು ಮಾಡುತ್ತದೆ ಎಂಬುದನ್ನು ಆಟ ಮುಚ್ಚಿಟ್ಟಿಲ್ಲ, ಆರಂಭದಲ್ಲೇ ಹೇಳಿಬಿಟ್ಟಿದೆ. ಅದರ ಅರ್ಥವನ್ನು ಮಾತ್ರ ಸೈಮನನೂ, ಅವನೊಂದಿಗೆ ಆಟಗಾರನೂ, ತಮಗೆ ಬೇಕಾದ ಹಾಗೆ ತಿಳಿದುಕೊಂಡಿದ್ದರು. ಈ ಬಗೆಯ ಭಯವನ್ನು ಪಾಳು ಬಂಗಲೆಯ ಆಟ ಹುಟ್ಟಿಸಲಾರದು. ಅದಕ್ಕೆ ಸೈನ್ಸ್ ಫಿಕ್ಷನ್ನೇ ಬೇಕು.

ಇಷ್ಟೆಲ್ಲ ಗೊತ್ತಿದ್ದವರೂ ಎಡವುತ್ತಾರೆ ಎಂಬುದಕ್ಕೆ 2022ರ ಡಿಸೆಂಬರಿನ 'ದಿ ಕ್ಯಾಲಿಸ್ಟೊ ಪ್ರೊಟೊಕಾಲ್' ಇದೆ. ನಿರ್ದೇಶಕ ಅದೇ ಗ್ಲೆನ್ ಸ್ಕೊಫೀಲ್ಡ್. ಹಣ ಹೂಡಿದ್ದು ಕೊರಿಯಾದ ಕ್ರಾಫ್ಟನ್, ಅಂದರೆ ನಮ್ಮ ಕಾಲೇಜು ಹುಡುಗರು ರಾತ್ರಿಯಿಡೀ ಆಡುವ ಬಿಜಿಎಂಐ ಆಟದ ಕಂಪನಿ. ಕ್ಯಾಲಿಸ್ಟೊದ ಕಥೆಯನ್ನು ಮೊದಲು ಅದೇ ಕಂಪನಿಯ ಪಬ್ಜಿ ಆಟದ ಲೋಕದಲ್ಲೇ ಇಡುವ ಯೋಚನೆಯೂ ಇತ್ತು. ಗುರು ಗ್ರಹದ ಉಪಗ್ರಹದ ಮೇಲಿನ ಜೈಲು, ಬೆವರಿನ ಹನಿ ಕೂಡ ಎಣಿಸಬಹುದಾದ ಮುಖಗಳು, ಒದ್ದೆ ಗೋಡೆಗಳು. ನೋಡಲು ಅಷ್ಟು ಚೆಂದದ ಹಾರರ್ ಆಟಗಳು ಆಗ ಕಡಿಮೆ. ಆದರೆ ಕಾದಾಟ ಬಂದೊಡನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗು, ಆಮೇಲೆ ದೊಣ್ಣೆ ಬೀಸು ಎಂಬ ತಾಳ. ತಾಳ ಸಿಕ್ಕಿದ ಮೇಲೆ ರಾಕ್ಷಸ ಜೊತೆಗಾರ ನರ್ತಕನಾಗಿಬಿಡುತ್ತಾನೆ. ಆಟ ಕಂಪನಿಯ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಎರಡೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಮಾಂಟ್ರಿಯಲ್‌ನ ಮೋಟಿವ್ ಸ್ಟುಡಿಯೊ ಡೆಡ್ ಸ್ಪೇಸನ್ನು ಹೊಸದಾಗಿ ಕಟ್ಟಿ ಹೊರತಂದಿತು. ಹಳೆಯ ಆಟದ ಪ್ರತಿ ಮೂಲೆ ಬಾಯಿಪಾಠವಾಗಿದ್ದ ಅಭಿಮಾನಿಗಳನ್ನು ಹೆದರಿಸುವುದು ಹೇಗೆ? ದೀಪ ಯಾವಾಗ ಆರಬೇಕು, ಕೊಳವೆಯಲ್ಲಿ ಏನು ಸದ್ದಾಗಬೇಕು, ಶತ್ರು ಬರಬೇಕೋ ಬೇಡವೋ ಎಂಬುದನ್ನು ಆಗಿಂದಾಗ ನಿರ್ಧರಿಸುವ ಪ್ರೋಗ್ರಾಮೊಂದನ್ನು ಅವರು ಸೇರಿಸಿದರು. ಒಮ್ಮೆ ಖಾಲಿ ಮಾಡಿ ಬಂದ ಕೋಣೆಗೆ ಮತ್ತೆ ಹೋಗುವಾಗ ಅದು ಖಾಲಿ ಇರುತ್ತದೆಂಬ ಖಾತರಿ ಇಲ್ಲ. ಬಾಯಿಪಾಠ ಮಾಡಿದವರ ಬಾಯಿಪಾಠವೇ ಅರ್ಧ ಮಾಹಿತಿಯಾಯಿತು.

ಒಬ್ಬಂಟಿತನ ಭಯಕ್ಕೆ ಅನಿವಾರ್ಯ ಎಂಬ ಮಾತೂ ಚಾಲ್ತಿಯಲ್ಲಿದೆ. 2013ರ 'ಡೆಡ್ ಸ್ಪೇಸ್ 3' ಇಬ್ಬರು ಸೇರಿ ಆಡುವ ಅವಕಾಶ ಕೊಟ್ಟಾಗ, ಗೆಳೆಯ ಪಕ್ಕದಲ್ಲಿದ್ದರೆ ಯಾರು ಹೆದರುತ್ತಾರೆ ಎಂದು ಜನ ಮುಖ ಸಿಂಡರಿಸಿದರು. ಆ ಆಟ ಬಹುಪಾಲು ಗುಂಡಿನ ಸುರಿಮಳೆಯಾಗಿದ್ದು ನಿಜ. ಆದರೆ ಅದರಲ್ಲೊಂದು ಅದ್ಭುತ ತುಣುಕಿದೆ. ಕೆಲವು ಕಡೆ ಎರಡನೆಯ ಆಟಗಾರನಿಗೆ, ಕಾರ್ವರ್ ಪಾತ್ರ ಆಡುವವನಿಗೆ, ಭ್ರಮೆಗಳು ಕಾಣತೊಡಗುತ್ತವೆ. ಐಸಾಕ್ ಆಗಿ ಆಡುತ್ತಿರುವ ಗೆಳೆಯನ ಪರದೆಯಲ್ಲಿ ಅವು ಇರುವುದಿಲ್ಲ. 'ಅಲ್ಲಿ ನೋಡೋ' ಅಂದರೆ 'ಎಲ್ಲೋ, ಏನೂ ಇಲ್ಲವಲ್ಲೋ' ಎಂಬ ಉತ್ತರ. ಇಬ್ಬರಿಗೂ ಅರ್ಧರ್ಧ ಸತ್ಯ ಹಂಚಿಕೊಟ್ಟ ಆ ಉಪಾಯವನ್ನು ಇಡೀ ಆಟಕ್ಕೆ ಹಿಗ್ಗಿಸುವ ಧೈರ್ಯ ಅದಕ್ಕಿರಲಿಲ್ಲ. ಬೇರೆ ಯಾರಾದರೂ ಅದನ್ನು ಎತ್ತಿಕೊಂಡು ಪೂರ್ತಿ ಆಟ ಕಟ್ಟಬೇಕು.

ಐಸೊಲೇಷನ್ ಬಂದು ಹತ್ತು ವರ್ಷ ತುಂಬಿದ ದಿನ, 2024ರ ಅಕ್ಟೋಬರ್ 7ರಂದು, ಅದರ ಎರಡನೆಯ ಭಾಗದ ಕೆಲಸ ಆರಂಭದ ಹಂತದಲ್ಲಿದೆ ಎಂದು ಕ್ರಿಯೇಟಿವ್ ಅಸೆಂಬ್ಲಿ ಪ್ರಕಟಿಸಿತು. ತಯಾರಕರ ಮುಂದಿರುವ ಕಷ್ಟ ಸಣ್ಣದಲ್ಲ. ಈ ಹತ್ತು ವರ್ಷಗಳಲ್ಲಿ ಏಲಿಯನ್ನಿನ ಎರಡು ಮಿದುಳುಗಳ ಲೆಕ್ಕಾಚಾರ ಲೇಖನಗಳಲ್ಲಿ, ವಿಡಿಯೊಗಳಲ್ಲಿ ಬಿಡಿಬಿಡಿಯಾಗಿ ಹೊರಬಂದಿದೆ. 2021ರ ಕೊನೆಯಲ್ಲಿ ಆಟ ಮೊಬೈಲಿಗೂ ಬಂದಿತು, ಬೆಂಗಳೂರಿನ ಮೆಟ್ರೊದಲ್ಲಿ ನಿಂತುಕೊಂಡೇ ಅಮಾಂಡಾಳನ್ನು ಲಾಕರಿನಲ್ಲಿ ಬಚ್ಚಿಡಬಹುದು. ಹಸಿರು ಚುಕ್ಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಹೊಸ ಭಾಗ ಅದೇ ಟ್ರ್ಯಾಕರನ್ನು ಇನ್ನಷ್ಟು ನಯವಾದ ಗ್ರಾಫಿಕ್ಸಿನಲ್ಲಿ ಕೈಗಿಟ್ಟರೆ ಅಭಿಮಾನಿಗಳು ಮೊದಲ ದಿನ ಚಪ್ಪಾಳೆ ತಟ್ಟಿ, ಎರಡನೆಯ ದಿನ ಆಕಳಿಸುತ್ತಾರೆ. ಪ್ರಾಣಿ ಹಳೆಯದೇ ಇರಲಿ, ಅಡ್ಡಿಯಿಲ್ಲ. ಆಟಗಾರರ ಕೈಗೆ ಕೊಡುವ ಪೆಟ್ಟಿಗೆ ಮಾತ್ರ ಹೊಸದಾಗಿರಬೇಕು, ಅದರ ಕೊರತೆಗಳು ಯಾರಿಗೂ ಮೊದಲೇ ಗೊತ್ತಿರಬಾರದು.